ಎರಡು ಸಲ ಒತ್ತಿ, ಮೂರನೇ ಸಲ ಹಿಡಿ

ನವೆಂಬರ್ 6

ಅಣ್ಣನಿಗೆ,

ಫೋನ್ ಮಾಡಬಹುದಿತ್ತು. ಆದರೆ ಅಪ್ಪನ ಕಾರ್ಯವೆಲ್ಲ ಮುಗಿದ ಮೇಲೆ ಅಂಗಳದಲ್ಲಿ ನಿಂತು, ‘ಇನ್ಮೇಲೆ ನಿನ್ನ ದನಿ ನನ್ನ ಕಿವಿಗೆ ಬೀಳೋದು ಬೇಡ’ ಎಂದವನು ನೀನು. ಅದಕ್ಕೇ ದನಿಯಿಲ್ಲದೆ ಬರೆಯುತ್ತಿದ್ದೇನೆ.

ಕಾರು ಸ್ಟಾರ್ಟ್ ಆಗುತ್ತಿಲ್ಲ. ಬೇಸಿಗೆಯಲ್ಲಿ ನೀನು ಅಪ್ಪನ ಕಾರ್ಬ್ಯುರೇಟರನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆಯಲ್ಲ, ಅದರ ಜಾಗದಲ್ಲಿ ಕೂರಿಸಿದ ಪೆಟ್ರೋಲ್ ಇಂಜೆಕ್ಷನ್ ಕಿಟ್ಟಿನ ಮಾತು ಹೇಳುತ್ತಿದ್ದೇನೆ. ‘ಇನ್ನು ಚಾವಿ ತಿರುಗಿಸಿದ್ರೆ ಸಾಕು, ಅಮ್ಮನ ಆಸ್ಪತ್ರೆ ಓಡಾಟಕ್ಕೆ ಚಿಂತೆ ಇಲ್ಲ’ ಎಂದಿದ್ದೆ. ಅಕ್ಟೋಬರ್‌ವರೆಗೆ ನಿಜವಾಗಿಯೂ ಚಿಂತೆಯಿರಲಿಲ್ಲ. ಕಿಟಕಿಯ ಗಾಜಿನ ಮೇಲೆ ಹಿಮ ಕೂತ ದಿನದಿಂದ ಶುರುವಾಯಿತು ನೋಡು. ಇಂಜಿನ್ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಹತ್ತಿಕೊಳ್ಳುವುದಿಲ್ಲ.

ಅಮ್ಮನಿಗೆ ವಾರಕ್ಕೆ ಮೂರು ಡಯಾಲಿಸಿಸ್. ಬೆಳಿಗ್ಗೆ ಏಳಕ್ಕೆ ಅವಳು ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತಿರಬೇಕು. ಆಸ್ಪತ್ರೆ ನಲವತ್ತು ಕಿಲೋಮೀಟರ್. ಮಂಜುಗಟ್ಟಿದ ಈ ಏರಿಗೆ ಆ ಹೊತ್ತಿನಲ್ಲಿ ಬಾಡಿಗೆ ಕಾರಿನವರು ಯಾರೂ ಬರುವುದಿಲ್ಲ.

ಅಪ್ಪ ಹೇಳಿಕೊಟ್ಟದ್ದರಲ್ಲಿ ನಾನು ಒಂದನ್ನೂ ತಪ್ಪಿಸಿಲ್ಲ. ಬೇಸಿಗೆಯಲ್ಲಿ ಬರೀ ಚಾವಿ. ಚಳಿಯಲ್ಲಿ ಪೆಡಲನ್ನು ನೆಲ ಮುಟ್ಟುವ ಹಾಗೆ ಎರಡು ಸಲ ಒತ್ತಿ ಬಿಡುವುದು, ಮೂರನೇ ಸಲ ಒತ್ತಿ ಹಿಡಿದು ಚಾವಿ ತಿರುಗಿಸುವುದು. ಅಮ್ಮ ಪಕ್ಕದಲ್ಲಿ ಕೂತು ಎಣಿಸುತ್ತಾಳೆ: ‘ಒಂದು, ಎರಡು, ಈಗ ಹಿಡಿ!’ ಹಿಡಿಯುತ್ತೇನೆ. ಏನೂ ಆಗುವುದಿಲ್ಲ. ಎಂಟು ಹತ್ತು ಸಲ ಹೀಗೇ ಆದ ಮೇಲೆ, ನಾನು ಸುಸ್ತಾಗಿ ಸ್ಟೀರಿಂಗ್ ಮೇಲೆ ತಲೆಯಿಟ್ಟುಕೊಂಡು ಚಾವಿ ತಿರುಗಿಸಿದಾಗ ಅದಕ್ಕೇ ಕರುಣೆ ಬಂದು ಹತ್ತಿಕೊಳ್ಳುತ್ತದೆ.

ನೀನು ಈ ಕೆಲಸದಲ್ಲಿ ಪಳಗಿದವನು. ಏನು ಮಾಡಬೇಕೆಂದು ಬರೆ.

ತಂಗಿ

*

ನವೆಂಬರ್ 14

ತಂಗಿಗೆ,

ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಗಾದೆ ಇದೆ. ಕಿಟ್ಟಿನಲ್ಲಿ ದೋಷವಿಲ್ಲ.

ತಣ್ಣಗಿರುವ ಪೆಟ್ರೋಲ್ ಆವಿಯಾಗುವುದಿಲ್ಲ. ಇಂಜಿನ್ನಿನ ದಾರಿಯಲ್ಲೇ ಗೋಡೆಗೆ ಅಂಟಿ ಕೂರುತ್ತದೆ. ಹಾಗಾಗಿ ಚಳಿಯಲ್ಲಿ ಮಾಮೂಲಿಗಿಂತ ಹೆಚ್ಚು ಕೊಡಬೇಕು. ಎಷ್ಟು ಹೆಚ್ಚು ಎನ್ನುವುದಕ್ಕೆ ಕಿಟ್ಟಿನ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇದೆ. ಇಷ್ಟು ಡಿಗ್ರಿಗೆ ಇಷ್ಟು. ನಾನು ಆ ಪಟ್ಟಿ ತುಂಬಿದ್ದು ಮೂವತ್ತು ಡಿಗ್ರಿ ಬಿಸಿಲಲ್ಲಿ ನಿಂತು. ಸೊನ್ನೆ ಡಿಗ್ರಿಯ ಸಾಲಿನಲ್ಲಿ ಇರುವುದು ಅಂದಾಜು ಸಂಖ್ಯೆ, ನೂರ ಐವತ್ತು. ಕಿಟ್ಟಿನ ಜೊತೆ ಕೊಟ್ಟಿದ್ದ ಅಂಗೈಯಗಲದ ಪರದೆಯನ್ನು ಅದರ ತಂತಿಗೆ ಸಿಕ್ಕಿಸು, ‘ಸ್ಟಾರ್ಟ್’ ಎಂಬ ಪುಟ ತೆರೆ, ಆ ಸಂಖ್ಯೆಯನ್ನು ಐದೈದಾಗಿ ಏರಿಸುತ್ತ ಹೋಗು.

ಒಂದು ಮಾತು. ದಿನಕ್ಕೆ ಒಂದೇ ಪರೀಕ್ಷೆ. ಇಂಜಿನ್ ಒಂದು ಸಲ ಬೆಚ್ಚಗಾಯಿತೋ, ಮರುದಿನ ಬೆಳಿಗ್ಗೆವರೆಗೆ ಅದು ಹೇಳುವುದೆಲ್ಲ ಸುಳ್ಳು. ಸಂಖ್ಯೆ ಬದಲಿಸು, ಮಾರನೇ ದಿನ ಒಂದು ಸಲ ನೋಡು, ಬರೆದಿಡು. ತಾಳ್ಮೆ ಬೇಕು. ಸೂಜಿ ಹಿಡಿದ ಕೈಗೆ ಇದು ಕಷ್ಟವೇ. ತಮ್ಮ ವರ್ಕ್‌ಶಾಪಿನಲ್ಲಿ ಅಪ್ಪ ನಿನಗೆ ಸೀಟು ಹೊಲಿಯುವ ಮೂಲೆ ಬಿಟ್ಟು ಬೇರೇನೂ ಯಾಕೆ ಕೊಡಲಿಲ್ಲ ಎಂದು ಈಗಲಾದರೂ ಯೋಚಿಸು.

ಇಲ್ಲಿ ಕಡಲ ಪಕ್ಕದಲ್ಲಿ ಚಳಿಗಾಲ ಎಂಬುದೇ ಇಲ್ಲ. ಆಸ್ಪತ್ರೆ ಮನೆಯಿಂದ ಹತ್ತು ನಿಮಿಷ. ಅಮ್ಮನಿಗೆ ಹೇಳಿ ನೋಡು.

ಅಣ್ಣ

*

ಡಿಸೆಂಬರ್ 2

ಅಣ್ಣನಿಗೆ,

ಹೇಳಿ ನೋಡಿದೆ. ‘ನನ್ನ ಒಲೆ, ನನ್ನ ಹಾಸಿಗೆ, ನನ್ನ ಗಂಡ ಸತ್ತ ಕೋಣೆ. ಇದನ್ನ ಬಿಟ್ಟು ಎಲ್ಲಿಗೂ ಬರಲ್ಲ’ ಎಂದಳು. ಅವಳು ಬರುವುದಿಲ್ಲ ಎಂದರೆ ಬರುವುದಿಲ್ಲ, ನಿನಗೂ ಗೊತ್ತು.

ನಿನ್ನ ಪರೀಕ್ಷೆಗೆ ಅಮ್ಮನೇ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಅವಳ ಬರಹವನ್ನೇ ಇಳಿಸುತ್ತೇನೆ:

‘19. ಮೈನಸ್ ಒಂದು. ನೂರ ಅರವತ್ತು. ಎರಡು ಸಲ ಒತ್ತಿ, ಹಿಡಿದಳು. ಕಾರು ಕೆಮ್ಮಿತು. ನಾನೂ ಕೆಮ್ಮಿದೆ.’

‘24. ಮೈನಸ್ ಮೂರು. ನೂರ ಎಪ್ಪತ್ತು. ಎರಡು ಸಲ ಒತ್ತಿ, ಹಿಡಿದಳು. ಕೆಮ್ಮೂ ಇಲ್ಲ.’

‘28. ಮೈನಸ್ ಮೂರು. ನೂರ ಎಂಬತ್ತು. ಒತ್ತಿ ಹಿಡಿದಳು. ಇಲ್ಲ. ಬೈದಳು. ಬೈಗುಳ ಬರೆಯುವುದಿಲ್ಲ.’

ಇಪ್ಪತ್ತೆಂಟಕ್ಕೆ ಬೇಕರಿಯವನ ವ್ಯಾನಿನಲ್ಲಿ, ಬ್ರೆಡ್ಡಿನ ತಟ್ಟೆಗಳ ನಡುವೆ ಅವಳನ್ನು ಕೂರಿಸಿಕೊಂಡು ಹೋದೆ. ಮುಕ್ಕಾಲು ಗಂಟೆ ತಡ. ಅಲ್ಲಿಯ ದಾದಿ ಕೆಟ್ಟವಳಲ್ಲ, ಆದರೆ ನಿಯಮ ಹೇಳಿದಳು: ಚಳಿಗಾಲ ಮುಗಿಯುವುದರೊಳಗೆ ಮೂರು ಸಲ ತಡವಾದರೆ ಕುರ್ಚಿ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಹದಿನೇಳು ಜನ ಕಾಯುತ್ತಿದ್ದಾರಂತೆ. ನಮಗೆ ಒಂದು ಆಯಿತು.

ಅಪ್ಪನ ಕಾರ್ಬ್ಯುರೇಟರನ್ನು ಕಳಿಸಿಬಿಡು. ಕೂರಿಸುವವರು ಇಲ್ಲಿ ಇನ್ನೂ ಒಬ್ಬರಿದ್ದಾರೆ.

ತಂಗಿ

*

ಡಿಸೆಂಬರ್ 9

ತಂಗಿಗೆ,

ಕಳಿಸುವುದಿಲ್ಲ. ಅಪ್ಪನನ್ನು ನೀನು ಇಟ್ಟುಕೊಂಡೆ. ಕಾರ್ಬ್ಯುರೇಟರ್ ನನ್ನ ಹತ್ತಿರ ಇರಲಿ.

ಅಪ್ಪ ಹೋದ ಸುದ್ದಿ ನನಗೆ ಮುಟ್ಟಿದ್ದು ಮೂರನೇ ದಿನ. ಫೋನಿಗೆ ಸಿಗ್ನಲ್ ಇರಲಿಲ್ಲ ಎಂದು ನೀನು ಹೇಳಿದೆ. ಮೂರು ದಿನವೂ ಇರಲಿಲ್ಲವೇ ಎಂದು ನಾನು ಕೇಳಲಿಲ್ಲ. ಬಂದೆ, ವಾರ ಇದ್ದೆ, ಕಾರಿಗೆ ಕಿಟ್ ಹಾಕಿಕೊಟ್ಟು ಹೋದೆ. ‘ಕಂಪ್ಯೂಟರ್ ಇಟ್ಟ ಇಂಜಿನ್ ನನ್ನ ಅಂಗಳಕ್ಕೆ ಕಾಲಿಡಬಾರದು’ ಎಂದು ನನ್ನನ್ನು ಹೊರಗಟ್ಟಿದ ಅಪ್ಪನ ಕಾರಿಗೇ ಹಾಕಿದೆ, ಅಮ್ಮನ ಮುಖ ನೋಡಿ.

ಮುಂದಿನ ಸಲ ಸ್ಟಾರ್ಟ್ ಆಗದಿದ್ದಾಗ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡು. ಒದ್ದೆಯೋ ಒಣಗಿದೆಯೋ ಬರೆ. ಅಲ್ಲಿಯವರೆಗೆ ಏರಿಸುತ್ತಿರು.

ಅಣ್ಣ

*

ಡಿಸೆಂಬರ್ 23

ಅಣ್ಣನಿಗೆ,

ಪ್ಲಗ್ ಒಣಗಿದೆ. ಸುಡುಗಾಡಿನ ಹಾಗೆ ಒಣಗಿದೆ. ಸಂಖ್ಯೆ ಎರಡು ನೂರು ದಾಟಿತು, ಪೆಟ್ರೋಲಿನ ವಾಸನೆಯೂ ಇಲ್ಲ.

ಆದರೆ ಸಿಹಿಸುದ್ದಿ ಕೇಳು. ಇಪ್ಪತ್ತಕ್ಕೆ ಮೈನಸ್ ಆರು. ಅಮ್ಮ ಗೇಟಿನ ಹತ್ತಿರ ಮಂಜಿನ ಮೇಲೆ ಜಾರಿದಳು. ನಾನು ಆಗಷ್ಟೇ ಕಾರಿನ ಬಾಗಿಲು ತೆರೆದಿದ್ದೆ. ಒಂದು ಕಾಲು ಹೊರಗೆ, ಇನ್ನೊಂದು ಮೊಣಕಾಲು ಸೀಟಿನ ಮೇಲೆ. ಬೇಗ ಆಸ್ಪತ್ರೆಗೆ ಒಯ್ಯಬೇಕೆಂಬ ಗಾಬರಿಯಲ್ಲಿ ಹಾಗೇ ಕೈಚಾಚಿ ಚಾವಿ ತಿರುಗಿಸಿದೆ. ಹತ್ತಿಕೊಂಡುಬಿಟ್ಟಿತು! ಕಪ್ಪು ಹೊಗೆ ಇಡೀ ಬೀದಿ ತುಂಬಿತು, ಎದುರುಮನೆಯವರು ಕಿಟಕಿ ಹಾಕಿಕೊಂಡರು. ಹಾಕಿಕೊಳ್ಳಲಿ. ಅಮ್ಮನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ. ಕೂತ ಮೇಲೆ ಅವಳ ಮೊದಲ ಮಾತು: ‘ನೋಡಿದ್ಯಾ, ನನ್ನ ಮಗನ ತಲೆ!’ ನೋಟ್‌ಬುಕ್ಕಿನಲ್ಲಿ ಎರಡೆರಡು ಗೆರೆ ಎಳೆದಿದ್ದಾಳೆ. ದಾರಿಯುದ್ದಕ್ಕೂ ನಿನ್ನ ಮಾತೇ. ಆರು ವರ್ಷದವನಿದ್ದಾಗ ಅಪ್ಪನ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದ್ದೆಯಂತೆ, ಒಂದು ತಿರುಪು ಉಳಿದಿತ್ತಂತೆ. ನಾನೂ ನಕ್ಕೆ. ನಿನ್ನ ವಿಷಯಕ್ಕೆ ನಕ್ಕು ಎಷ್ಟು ಕಾಲವಾಗಿತ್ತೋ.

ಇಪ್ಪತ್ತೆರಡಕ್ಕೆ ಸಮಾಧಾನವಾಗಿ ಕೂತು, ಕ್ರಮವಾಗಿ ಎರಡು ಸಲ ಒತ್ತಿ ಹಿಡಿದು ತಿರುಗಿಸಿದರೆ ಮತ್ತೆ ಅದೇ ಗೋಳು. ಬೇಕರಿಯವನ ವ್ಯಾನು ಸಿಕ್ಕಿತು, ಹೇಗೋ ಹೊತ್ತಿಗೆ ಮುಟ್ಟಿದೆವು. ಹತ್ತಿರ ಬಂದಿದ್ದೇವೆ ಅಂತ ಅನ್ನಿಸುತ್ತದೆ. ಅಲ್ಲವೇ?

ನಿನ್ನ ತಂಗಿ

*

ಡಿಸೆಂಬರ್ 31

ತಂಗಿಗೆ,

ಹೌದು, ಹತ್ತಿರ ಬಂದಿದ್ದೀಯ. ಕಪ್ಪು ಹೊಗೆ ಒಳ್ಳೆಯ ಲಕ್ಷಣ. ಇನ್ನು ಹತ್ತು ಏರಿಸು. ಅದೇ ಕ್ರಮ ಮುಂದುವರಿಸು.

ಇಲ್ಲಿಯ ಆಸ್ಪತ್ರೆಯಲ್ಲಿ ಅಮ್ಮನ ಹೆಸರು ಬರೆಸಿಟ್ಟಿದ್ದೇನೆ. ಸುಮ್ಮನೆ, ಇರಲಿ ಅಂತ.

ಅಣ್ಣ

*

ಜನವರಿ 15

ಅಣ್ಣನಿಗೆ,

ಎರಡನೇ ಸಲ ತಡವಾಯಿತು. ಮೈನಸ್ ಒಂಬತ್ತು. ಬೇಕರಿಯವನು ಊರಲ್ಲಿರಲಿಲ್ಲ. ಬ್ಯಾಟರಿ ಸಾಯುವವರೆಗೆ ತಿರುಗಿಸಿದೆ. ಅಮ್ಮ ಎರಡು ಕಂಬಳಿ ಹೊದ್ದು ಎಣಿಸುತ್ತಲೇ ಇದ್ದಳು, ಅವಳ ಮಾತು ಹೊಗೆಯಾಗಿ ಬರುತ್ತಿತ್ತು. ಯಂತ್ರಕ್ಕೆ ಹೋಗದ ದಿನ ಅವಳ ಕಾಲು ಊದುತ್ತದೆ. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಅದನ್ನು ನೀನು ನೋಡಿಲ್ಲ. ನಿನಗೆ ಸಂಖ್ಯೆ ಸಾಕು.

ಇವತ್ತು ನನಗೆ ಸಿಟ್ಟು ಬಂದಿದೆ. ಒಂದು ನಿಜ ಹೇಳುತ್ತೇನೆ, ತಡೆದುಕೋ. ಸಿಗ್ನಲ್ ಇತ್ತು. ಅಪ್ಪ ಕೊನೆಯ ದಿನ ಎರಡು ಸಲ ನಿನ್ನನ್ನು ಕೇಳಿದರು. ‘ಅವನು ಬಂದ್ನಾ?’ ‘ದಾರೀಲಿದ್ದಾನೆ ಅಪ್ಪ’ ಎಂದೆ. ನಿನಗೆ ಹೇಳಿರಲೇ ಇಲ್ಲ. ಎಂಟು ವರ್ಷ ಅವರ ಮಲಮೂತ್ರ ಬಳಿದವಳು ನಾನು. ಕೊನೆಯ ಗಳಿಗೆಯಲ್ಲಿ ನೀನು ಬಂದು ಕೈ ಹಿಡಿದರೆ ನಿನ್ನ ಹೆಸರು ಹೇಳಿಯೇ ಕಣ್ಣು ಮುಚ್ಚುತ್ತಾರೆ ಎಂದು ಹೊಟ್ಟೆ ಉರಿಯಿತು. ಅದಕ್ಕೆ. ಅಮ್ಮನಿಗೆ ಇದು ಗೊತ್ತಿಲ್ಲ.

ಈಗ ನೀನು ಒಂದು ನಿಜ ಹೇಳು. ಈ ಕಾರು ಚಳಿಯಲ್ಲಿ ಸ್ಟಾರ್ಟ್ ಆಗುತ್ತದೋ, ಇಲ್ಲವೋ?

ತಂಗಿ

*

ಜನವರಿ 22

ಆಗುತ್ತದೆ. ಇನ್ನು ಐದು ಏರಿಸು.

ಅಣ್ಣ

*

ಫೆಬ್ರವರಿ 4

ಅಣ್ಣನಿಗೆ,

ಮೂರನೆಯದೂ ಆಯಿತು. ಕುರ್ಚಿ ಹೋಯಿತು.

ದಾದಿ ಅಮ್ಮನ ಹೆಸರು ಹೊಡೆದುಹಾಕುವಾಗ ನಾನು ಗೋಗರೆದೆ. ಅಮ್ಮ ನನ್ನ ಸೆರಗಿಗೆ ಕೈಹಾಕಿ ಎಳೆದಳು: ‘ಬಿಡೇ, ಅವ್ಳೇನ್ ಮಾಡ್ತಾಳೆ. ಕಾರು ಅವ್ಳದ್ದಾ?’ ಮನೆಗೆ ಬಂದು ಒಲೆ ಒರೆಸಿದಳು. ಹಾಸಿಗೆ ಸುತ್ತಿಟ್ಟಳು. ಅಪ್ಪನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಹೋದಾಗಲೂ ಕೇಳಿರಲಿಲ್ಲ.

ಶನಿವಾರದ ರೈಲಿಗೆ ಹತ್ತಿಸುತ್ತೇನೆ. ದಿನಕ್ಕೆ ನಾಲ್ಕು ಲೋಟಕ್ಕಿಂತ ಹೆಚ್ಚು ನೀರು ಕೊಡಬೇಡ, ಕದ್ದು ಕುಡಿಯುತ್ತಾಳೆ. ಉಪ್ಪು ಕಡಿಮೆ. ಎಡಗೈಯಲ್ಲಿ ರಕ್ತದೊತ್ತಡ ನೋಡಲು ಯಾರಿಗೂ ಬಿಡಬೇಡ, ಡಯಾಲಿಸಿಸ್ಸಿನ ಸೂಜಿ ಹಾಕುವ ಕೈ ಅದು. ನೋಟ್‌ಬುಕ್ ತನ್ನ ಜೊತೆಗೇ ಇರಲಿ ಎಂದು ಹಟ ಹಿಡಿದಿದ್ದಾಳೆ. ‘ನನ್ನ ಮಗ ನೋಡಿ ಎಲ್ಲಿ ತಪ್ಪಾಯ್ತು ಅಂತ ಹೇಳ್ತಾನೆ’ ಅಂತೆ.

ಕಾರನ್ನು ತಗಡಿನ ಶೆಡ್ಡಿಗೆ ತಳ್ಳಿ ಬೀಗ ಹಾಕಿದ್ದೇನೆ.

ತಂಗಿ

*

ಫೆಬ್ರವರಿ 28

ಮಗಳೇ,

ಚೆನ್ನಾಗಿದ್ದೇನೆ. ಇಲ್ಲಿ ಸೆಕೆ. ಕುರ್ಚಿ ಒಳ್ಳೆಯದಿದೆ, ಪಕ್ಕದಲ್ಲಿ ಬಾಯಿಬಡುಕಿ ಒಬ್ಬಳಿದ್ದಾಳೆ, ಹೊತ್ತು ಹೋಗುತ್ತದೆ. ನಿನ್ನ ಅಣ್ಣ ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಾನೆ. ಕುಡಿಯುವ ನೀರನ್ನೂ ಅಳೆದು ಕೊಡುತ್ತಾನೆ. ತಿರುಪು ಅಳೆಯುವವನಿಗೆ ನೀರು ಅಳೆಯುವುದು ಯಾವ ಮಹಾ.

ಮೊನ್ನೆ ಅವನ ವರ್ಕ್‌ಶಾಪ್ ನೋಡಲು ಹೋಗಿದ್ದೆ. ದೊಡ್ಡದಾಗಿದೆ, ನೆಲದಲ್ಲಿ ಎಣ್ಣೆ ಒಂದು ಹನಿ ಇಲ್ಲ. ನಿಮ್ಮಪ್ಪ ನೋಡಿದ್ದರೆ ‘ಇದೇನು ಆಸ್ಪತ್ರೆಯಾ’ ಅನ್ನುತ್ತಿದ್ದರು. ಅವರ ಕಾರ್ಬ್ಯುರೇಟರ್ ಗಾಜಿನ ಕಪಾಟಿನಲ್ಲಿದೆ, ತಿಕ್ಕಿ ತಿಕ್ಕಿ ಹೊಳೆಯಿಸಿದ್ದಾನೆ. ನನಗೆ ಕುರ್ಚಿ ಹಾಕಿ ಒಬ್ಬ ಗಿರಾಕಿಯ ಜೊತೆ ಮಾತಿಗೆ ನಿಂತ. ನನ್ನ ವಯಸ್ಸಿನ ಗಂಡಸು, ಹಳೇ ಕಾರು, ಹೊಸದಾಗಿ ಈ ಕಿಟ್ ಹಾಕಿಸಿಕೊಂಡವರು. ನಿನ್ನ ಅಣ್ಣ ಅವರಿಗೆ ಏನೋ ಹೇಳುತ್ತ ಗೋಡೆಯತ್ತ ಕೈ ತೋರಿಸಿದ. ನಾನೂ ನೋಡಿದೆ. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ, ಅಂಗೈಯಷ್ಟು ದೊಡ್ಡ ಅಕ್ಷರ. ಕನ್ನಡಕ ಬೇಕಾಗಲಿಲ್ಲ. ಹಾಗೇ ಇಳಿಸುತ್ತಿದ್ದೇನೆ:

‘ಕಾರ್ಬ್ಯುರೇಟರ್ ಕಾಲದವರ ಗಮನಕ್ಕೆ. ಚಾವಿ ತಿರುಗಿಸುವಾಗ ಪೆಡಲ್ ಮುಟ್ಟಬೇಡಿ. ಒತ್ತಿ ಹಿಡಿದರೆ ಇಂಜಿನ್ನಿನಲ್ಲಿ ಪೆಟ್ರೋಲ್ ಜಾಸ್ತಿ ತುಂಬಿದೆ ಎಂದು ತಿಳಿದು ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ.’

ನಾಲ್ಕು ಸಲ ಓದಿದೆ. ಅವನು ತಿರುಗಿ ನೋಡಿದಾಗ ನಾನು ನೀರು ಕೇಳಿದೆ.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಪ್ರತಿ ಸಾಲಿನಲ್ಲೂ ನನ್ನದೇ ಕೈಬರಹ, ‘ಒತ್ತಿ ಹಿಡಿದಳು, ಒತ್ತಿ ಹಿಡಿದಳು.’ ಡಿಸೆಂಬರ್ ಇಪ್ಪತ್ತರಲ್ಲಿ ಮಾತ್ರ ‘ಇವಳ ಕಾಲು ಹೊರಗೆ. ಸ್ಟಾರ್ಟ್.’ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಮಗೆ ಬೇಕಾಯಿತು. ಇದನ್ನೆಲ್ಲ ನೀನು ಅವನಿಗೆ ಬರೆದಿದ್ದೆ, ಕಾರಿನ ಸಾಲುಗಳನ್ನು ನನಗೆ ಓದಿ ಹೇಳಿಯೇ ಅಂಚೆಗೆ ಹಾಕಿದ್ದೆ. ಬಂದುಹೋಗುವ ಗಿರಾಕಿಗಳಿಗೆಲ್ಲ ಬಾಯಿಬಿಟ್ಟು ಹೇಳುವವನು ನಮಗೆ ನಾಲ್ಕು ತಿಂಗಳು ಹೇಳಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ; ನನ್ನ ಮಗನ ಬಂಗಾರ ನೋಡೇ.

ನನ್ನನ್ನು ಕರೆಸಿಕೊಳ್ಳಲು ಮಾಡಿದ ಕೆಲಸ ಇದು. ಕರೆದುಕೊಂಡು ಹೋಗುತ್ತೇನೆ ಬಾ ಎಂದು ಅವನೇ ಬಂದು ಬಾಗಿಲಲ್ಲಿ ನಿಂತಿದ್ದರೆ ನಾನು ಬರುತ್ತಿದ್ದೆನೋ ಏನೋ. ಅದು ಅವನ ತಲೆಗೆ ಹೊಳೆಯಲಿಲ್ಲ. ಅಷ್ಟು ದೊಡ್ಡ ತಲೆ.

ಅತ್ತು ಮುಗಿಸಿದ್ದೇನೆ. ಇನ್ನು ವಾಪಸ್ ಬರುವ ಮಾತಿಲ್ಲ, ಅಲ್ಲಿ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಾಯಿತು, ಅವರನ್ನು ಎಬ್ಬಿಸಲು ನನಗೆ ಇಷ್ಟವಿಲ್ಲ. ನೀನು ನಾಳೆ ಬೆಳಿಗ್ಗೆ ಶೆಡ್ಡಿಗೆ ಹೋಗು. ಸಂಖ್ಯೆಯನ್ನು ನೂರ ಐವತ್ತಕ್ಕೇ ಇಳಿಸು, ನಾವು ಏರಿಸಲು ಶುರುಮಾಡುವ ಮೊದಲು ಇದ್ದದ್ದು ಅದು. ಆಮೇಲೆ ಕಾಲು ಮಡಚಿಕೊಂಡು ಕೂತು ಚಾವಿ ತಿರುಗಿಸು. ಏನಾಯಿತೆಂದು ನನಗೆ ಬರೆ. ಅವನಿಗೆ ಬರೆಯಬೇಡ.

ಅವನನ್ನು ನಾನು ನೋಡಿಕೊಳ್ಳುತ್ತೇನೆ.

ಅಮ್ಮ

*

ಮಾರ್ಚ್ 21

ತಂಗಿಗೆ,

ನೀನು ಬರೆಯುವುದನ್ನು ನಿಲ್ಲಿಸಿದ್ದೀಯ. ನಾನೇ ಬರೆಯುತ್ತಿದ್ದೇನೆ.

ಅಮ್ಮ ಆರೋಗ್ಯವಾಗಿದ್ದಾಳೆ. ಆದರೆ ಒಂದು ವಿಚಿತ್ರ ನಡೆಯುತ್ತಿದೆ. ಆಸ್ಪತ್ರೆಗೆ ಹೊರಟ ದಿನ ಕಾರಿನಲ್ಲಿ ಕೂತ ಕೂಡಲೇ ಆ ನೋಟ್‌ಬುಕ್ ತೆರೆದು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ‘ಒತ್ತಪ್ಪಾ. ಅಪ್ಪ ಹೇಳಿಕೊಟ್ಟ ಹಾಗೆ. ಎರಡು ಸಲ ಒತ್ತು, ಮೂರನೇ ಸಲ ಹಿಡಿ.’ ನನ್ನ ಕಾರಿನಲ್ಲೂ ಅದೇ ಕಿಟ್. ಅದು ಬೇಡಮ್ಮ ಎಂದು ಮೊದಲ ದಿನ ಹೇಳಲು ಹೊರಟವನು, ಕೊನೆಗೆ ಒತ್ತಿದೆ. ನಾನು ಒತ್ತುವವರೆಗೆ ಅವಳು ಬೆಲ್ಟ್ ಹಾಕಿಕೊಳ್ಳುವುದಿಲ್ಲ. ಒತ್ತಿ ಹಿಡಿದು ತಿರುಗಿಸುತ್ತೇನೆ, ಸ್ಟಾರ್ಟ್ ಆಗುವುದಿಲ್ಲ. ಆಗ ನನ್ನ ಮುಖವನ್ನೇ ನೋಡುತ್ತಾಳೆ, ಸಿಟ್ಟಿಲ್ಲ, ಏನಿಲ್ಲ. ‘ಇರಲಿ ಬಿಡು, ಇನ್ನು ಐದು ಏರಿಸು’ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಾನು ಕಳ್ಳನ ಹಾಗೆ ಕಾಲು ತೆಗೆದು ಸ್ಟಾರ್ಟ್ ಮಾಡುತ್ತೇನೆ. ವಾರಕ್ಕೆ ಮೂರು ಸಲ. ಬೇರೆ ಹೊತ್ತಿನಲ್ಲಿ ನಗುನಗುತ್ತ ಮಾತಾಡುತ್ತಾಳೆ.

ಪೆಡಲ್ ಮುಟ್ಟಬೇಡಿ ಎಂದು ಗಿರಾಕಿಗಳಿಗಾಗಿ ವರ್ಕ್‌ಶಾಪಿನ ಗೋಡೆಗೆ ಹಾಕಿದ್ದ ಹಲಗೆಯನ್ನು ತೆಗೆಸಿದ್ದೇನೆ. ನೀನು ಕೇಳಿದ ನಿಜ ಇಲ್ಲಿದೆ. ನಿನ್ನ ಮೊದಲ ಪತ್ರ ಓದಿದಾಗಲೇ ಗೊತ್ತಾಯಿತು. ‘ಪೆಡಲಿನಿಂದ ಕಾಲು ತೆಗಿ’ ಎಂದು ಒಂದು ಸಾಲು ಬರೆದೂ ಇದ್ದೆ. ಅಂಚೆಗೆ ಹಾಕಲು ಹೋದವನು ಅರ್ಧ ದಾರಿಯಿಂದ ತಿರುಗಿ ಬಂದೆ. ಅಪ್ಪ ನಿನಗೆ ಸಿಕ್ಕರು, ಅಮ್ಮನಾದರೂ ನನಗೆ ಸಿಗಲಿ ಎನ್ನಿಸಿತು. ಜನವರಿಯ ನಿನ್ನ ಪತ್ರ ಬಂದಾಗ ಮತ್ತೆ ಬರೆಯಬೇಕೆಂದಿದ್ದೆ. ಅಪ್ಪ ಎರಡು ಸಲ ಕೇಳಿದರು ಎಂಬ ಸಾಲು ಓದಿದ ಮೇಲೆ ಕೈ ಬರಲಿಲ್ಲ.

ಅವಳಿಗೆ ಗೊತ್ತಾಗಿದೆಯೋ, ಇಲ್ಲ ವಯಸ್ಸಿನ ಮರೆವೋ? ನಿನ್ನ ಹತ್ತಿರ ಏನಾದರೂ ಹೇಳಿದ್ದಾಳೆಯೇ? ದಯವಿಟ್ಟು ಬರೆ. ಅವಳಿಗೆ ನಿಲ್ಲಿಸಲು ಹೇಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ.

ಅಣ್ಣ

*

ಮಾರ್ಚ್ 29

ಅಣ್ಣನಿಗೆ,

ಕಾರು ಸ್ಟಾರ್ಟ್ ಆಗುತ್ತದೆ. ನೂರ ಐವತ್ತಕ್ಕೇ. ಇವತ್ತು ಮೈನಸ್ ನಾಲ್ಕು, ಅರ್ಧ ಸುತ್ತಿನಲ್ಲೇ ಹತ್ತಿಕೊಂಡಿತು. ನಿನ್ನ ಅಂದಾಜು ಮೊದಲಿನಿಂದಲೂ ಸರಿಯಾಗಿತ್ತು, ನಿನ್ನ ಕೆಲಸ ನಿಜಕ್ಕೂ ಒಳ್ಳೆಯದು. ಐದು ನಿಮಿಷ ಹಾಗೇ ಓಡಿಸಿ ನಿಲ್ಲಿಸುತ್ತೇನೆ. ಪಕ್ಕದ ಸೀಟಿನ ಹೊಲಿಗೆ ಬಿಟ್ಟಿತ್ತು, ಹೊಸದಾಗಿ ಹಾಕಿದೆ. ಕೂರುವವರು ಯಾರೂ ಇಲ್ಲ.

ಅಮ್ಮನಿಗೆ ಗೊತ್ತೇ ಎಂದು ಕೇಳಿದ್ದೀಯ. ಅಪ್ಪನಿಗೆ ‘ದಾರೀಲಿದ್ದಾನೆ’ ಎಂದ ಹಾಗೆ, ಅಮ್ಮನಿಗೂ ‘ಪಾಪ, ಅವನಿಗೆ ಹೊಳೀಲಿಲ್ಲ’ ಎಂದು ನಾನು ಬರೆಯಬಲ್ಲೆ. ನಂಬಿದರೂ ನಂಬಿಯಾಳು, ನೀನು ಅವಳ ಮಗ. ಆದರೆ ಬರೆಯುವುದಿಲ್ಲ. ನಿನಗೂ ಹೇಳುವುದಿಲ್ಲ. ನೀನೇ ಅವಳನ್ನು ಕೇಳು.

ಕೇಳುವ ಧೈರ್ಯ ಬರುವವರೆಗೆ, ಅವಳು ಎಣಿಸಿದಾಗ ಒತ್ತು. ಏನಾಯಿತೆಂದು ಅವಳು ಬರೆದುಕೊಳ್ಳುತ್ತಾಳೆ. ದಿನಕ್ಕೆ ಒಂದೇ ಪರೀಕ್ಷೆ, ತಾಳ್ಮೆ ಬೇಕು ಎಂದು ನೀನೇ ಬರೆದಿದ್ದೆ.

ತಂಗಿ